ಯೇಸುವನ್ನು ಶಿಲುಬೆಗೇರಿಸಿದ್ದು ಯಾಕೆ? ಅವರು ಮಾಡಿದ ತಪ್ಪಾದರೂ ಏನು?

ಪ್ರಶ್ನೆ: ಯೇಸು ಪ್ರೀತಿ, ಕ್ಷಮೆ ಅಂತ ಊರೂರು ಸುತ್ತಿದವರು. ಕತ್ತಿ ಹಿಡಿದವರಲ್ಲ, ಸೈನ್ಯ ಕಟ್ಟಿದವರಲ್ಲ. ಅಂಥವರನ್ನು ಅಷ್ಟು ಕ್ರೂರವಾಗಿ ಕೊಂದಿದ್ದು ಯಾಕೆ? ಕೊಂದವರು ಯೆಹೂದ್ಯರೋ, ರೋಮನ್ನರೋ?

ಉತ್ತರ: ಗುಡ್ ಫ್ರೈಡೇ ಹತ್ತಿರ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಕೇಳುವವರಲ್ಲಿ ಕ್ರೈಸ್ತರೂ ಇರುತ್ತಾರೆ. ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊಂದಿದ್ದು ರೋಮನ್ ಆಡಳಿತ. ಹೊರಿಸಿದ್ದು ರಾಜದ್ರೋಹದ ಆರೋಪ. 'ಒಬ್ಬರನ್ನೊಬ್ಬರು ಪ್ರೀತಿಸಿ' ಎಂದು ಹೇಳಿದ್ದಕ್ಕೆ ರೋಮನ್ನರು ಯಾರನ್ನೂ ಶಿಲುಬೆಗೆ ಹಾಕುತ್ತಿರಲಿಲ್ಲ.

ಆರೋಪ ಏನಿತ್ತು ಅಂತ ತಿಳಿಯೋಕೆ ದೂರ ಹೋಗಬೇಕಿಲ್ಲ. ಯಾವುದಾದರೂ ಕ್ಯಾಥೊಲಿಕ್ ಚರ್ಚಿಗೆ ಹೋದರೆ ಯೇಸುವಿನ ಪ್ರತಿಮೆ ಇರುವ ಶಿಲುಬೆಯನ್ನು ಗಮನಿಸಿ. ತಲೆಯ ಮೇಲ್ಗಡೆ ಒಂದು ಪುಟ್ಟ ಹಲಗೆ, ಅದರ ಮೇಲೆ ಸಾಮಾನ್ಯವಾಗಿ ಐ, ಎನ್, ಆರ್, ಐ ಎಂಬ ನಾಲ್ಕು ಲ್ಯಾಟಿನ್ ಅಕ್ಷರ. 'ನಜರೇತಿನ ಯೇಸು, ಯೆಹೂದ್ಯರ ಅರಸ' ಎಂಬುದರ ಗಿಡ್ಡ ರೂಪ ಅದು. ಎಷ್ಟೋ ಜನ ಅದನ್ನು ಬಿರುದು ಅಂದುಕೊಂಡಿದ್ದಾರೆ. ಅಲ್ಲ, ಅದು ಅವರ ಮೇಲೆ ಹೊರಿಸಿದ ಅಪರಾಧ. ಈತ ಸಾಯುತ್ತಿರುವುದು ಯಾಕೆ ಅಂತ ದಾರಿಹೋಕರಿಗೆ ತಿಳಿಯಲಿ ಎಂದು ಹಾಕಿದ್ದು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕೂ ಸುವಾರ್ತೆಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಹಲಗೆಯ ಮಾತು ತುಸು ಬೇರೆ ಬೇರೆ ಇದೆ, ಆದರೆ 'ಯೆಹೂದ್ಯರ ಅರಸ' ಎಂಬುದು ನಾಲ್ಕರಲ್ಲೂ ಇದೆ.

ಅಂದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಒಬ್ಬ ಹಳ್ಳಿ ಬಡಗಿಯನ್ನು ನೋಡಿ ರೋಮ್ ಸಾಮ್ರಾಜ್ಯಕ್ಕೆ 'ಅರಸ' ಎಂಬ ಮಾತು ನೆನಪಾದದ್ದು ಹೇಗೆ?

ಆ ಸೀಮೆಯ ಸ್ಥಿತಿ ಹಾಗಿತ್ತು. ಕ್ರಿ.ಪೂ. 4ರಲ್ಲಿ ಹೆರೋದ ರಾಜ ಸತ್ತಾಗ ಎಲ್ಲ ಕಡೆಯಲ್ಲೂ ದಂಗೆ ಎದ್ದಿತು. ಕೆಲವರು ತಲೆಗೆ ಕಿರೀಟ ಇಟ್ಟುಕೊಂಡು ತಾವೇ ರಾಜರು ಅಂದರು. ಸಿರಿಯಾದ ರೋಮನ್ ಅಧಿಕಾರಿ ವಾರಸ್ ಸೈನ್ಯ ತಂದು ಸುಮಾರು 2000 ಜನರನ್ನು ಶಿಲುಬೆಗೇರಿಸಿದ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ನಜರೇತಿನಿಂದ ಆರೇಳು ಕಿಲೋಮೀಟರ್ ದೂರದ ಸೆಫೋರಿಸ್ ಪಟ್ಟಣ ಆಗ ಸುಟ್ಟುಹೋಯಿತು. ಕ್ರಿ.ಶ. 6ರಲ್ಲಿ ರೋಮ್ ಯೆರೂಸಲೇಮ್ ಇರುವ ಯೂದಾಯ ಸೀಮೆಯನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡು ತೆರಿಗೆಗಾಗಿ ಜನಗಣತಿ ಮಾಡಿದಾಗ ಗಲಿಲಾಯದ (ನಜರೇತ್ ಇರುವ ಉತ್ತರದ ಸೀಮೆ) ಯೂದ ಎಂಬಾತ ಮತ್ತೆ ಬಂಡೆದ್ದ. ಯೇಸು ಬೆಳೆದದ್ದು ಇಂಥ ಕಥೆಗಳು ಇನ್ನೂ ಹಸಿಯಾಗಿದ್ದ ನೆಲದಲ್ಲಿ.

ಅಂಥ ನೆಲದಲ್ಲಿ ಅವರು ಸಾರಿದ್ದು 'ದೇವರ ರಾಜ್ಯ ಹತ್ತಿರ ಬಂದಿದೆ' ಎಂದು. ಇವತ್ತು ನಮ್ಮ ಕಿವಿಗೆ ಅದು ಬರೀ ಆಧ್ಯಾತ್ಮಿಕ ಮಾತಾಗಿ ಕೇಳುತ್ತದೆ. ಆಗ ಕೇಳಿದವರಿಗೆ ಹಾಗಿರಲಿಲ್ಲ. ದೇವರ ರಾಜ್ಯ ಬರುತ್ತದೆ ಅಂದರೆ ಈಗಿರುವ ರಾಜ್ಯದ ಗತಿ ಏನು, ಅಲ್ವಾ? ಬಡವರು ಧನ್ಯರು, ಮೊದಲಿನವರು ಕಡೆಯವರಾಗುತ್ತಾರೆ ಎಂಬ ಮಾತುಗಳೂ ಅಧಿಕಾರದಲ್ಲಿದ್ದವರಿಗೆ ಹಿತವಾಗಿರಲಿಕ್ಕಿಲ್ಲ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನ ಗತಿಯೂ ಕಣ್ಣ ಮುಂದೆ ಇತ್ತು. ಅವನೂ ಕತ್ತಿ ಹಿಡಿದವನಲ್ಲ. ಜನ ಅವನ ಮಾತಿಗೆ ಮರುಳಾಗಿ ದಂಗೆ ಎದ್ದಾರು ಎಂಬ ಭಯಕ್ಕೇ ಹೆರೋದ ರಾಜನ ಮಗ, ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನು ಅವನನ್ನು ಕೊಲ್ಲಿಸಿದ ಎನ್ನುತ್ತಾನೆ ಜೋಸೆಫಸ್. ಆ ಕಾಲದಲ್ಲಿ ಹಿಂದೆ ಜನ ಸೇರುವುದೇ ಒಂದು ಅಪರಾಧ.

ಆದರೂ ಗಲಿಲಾಯದ ಮೀನುಗಾರರ ನಡುವೆ ಇದ್ದಷ್ಟು ದಿನ ಯೇಸುವಿನ ಮೇಲೆ ಯಾರೂ ಕೈ ಹಾಕಲಿಲ್ಲ. ಎಲ್ಲ ಕೆಟ್ಟದ್ದು ಯೆರೂಸಲೇಮಿನಲ್ಲಿ, ಪಸ್ಕ ಹಬ್ಬದ ವಾರದಲ್ಲಿ.

ಈ ವಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಸ್ಕ ಎಂದರೆ ಯೆಹೂದ್ಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ. ಪರರ ಆಳ್ವಿಕೆಯಲ್ಲಿ ಇದ್ದುಕೊಂಡೇ ಸ್ವಾತಂತ್ರ್ಯದ ಹಬ್ಬ ಮಾಡುವುದು! ಊರ ತುಂಬ ಯಾತ್ರಿಕರು. ನಮ್ಮ ದೊಡ್ಡ ಜಾತ್ರೆಗಳಿಗೆ ಪೊಲೀಸ್ ಬಂದೋಬಸ್ತ್ ಹಾಕುವ ಹಾಗೆ, ಸಮುದ್ರ ತೀರದ ಕೈಸರೈಯದಲ್ಲಿ ಇರುತ್ತಿದ್ದ ರೋಮನ್ ರಾಜ್ಯಪಾಲ ಹಬ್ಬಕ್ಕೆ ತನ್ನ ಪಡೆಯ ಸಮೇತ ಯೆರೂಸಲೇಮಿಗೆ ಬಂದು ಕೂರುತ್ತಿದ್ದ. ದೇವಾಲಯದ ಸುತ್ತಲ ಕಂಬಸಾಲಿನ ಚಾವಣಿಯ ಮೇಲೆ ಸೈನಿಕರು ಆಯುಧ ಹಿಡಿದು ನಿಂತು ಕೆಳಗಿನ ಜನರನ್ನು ಕಾಯುತ್ತಿದ್ದರು. ಸುಮ್ನೆ ಅಲ್ಲ. ಕ್ರಿ.ಪೂ. 4ರ ಪಸ್ಕದಲ್ಲಿ ಗಲಭೆಯಾಗಿ ಸುಮಾರು 3000 ಜನ ಸತ್ತಿದ್ದರು.

ಈ ಗುಂಪಿನ ನಡುವೆ ಯೇಸು ಕತ್ತೆಯ ಮೇಲೆ ಕೂತು ಬಂದರು. ಜನ ಖರ್ಜೂರದ ಗರಿ ಹಿಡಿದು, ಬಟ್ಟೆ ಹಾಸಿ ಜೈಕಾರ ಹಾಕಿದರು. 'ನಿನ್ನ ಅರಸನು ಕತ್ತೆಯನ್ನೇರಿ ಬರುತ್ತಾನೆ' ಎಂದು ಜೆಕರ್ಯ ಎಂಬ ಪ್ರವಾದಿಯ ಹಳೆಯ ಮಾತೊಂದಿತ್ತು. ಅದು ಗೊತ್ತಿದ್ದ ಯೆಹೂದ್ಯರಿಗೆ ಈ ಕತ್ತೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗರಿಗಳ ಭಾನುವಾರ ನಮ್ಮ ಚರ್ಚುಗಳಲ್ಲಿ ನೆನೆಯುವುದು ಇದನ್ನೇ.

ಆಮೇಲೆ ದೇವಾಲಯದ ಗಲಾಟೆ. ಅಲ್ಲಿನ ಹೊರ ಪ್ರಾಕಾರದಲ್ಲಿ ಎರಡು ವ್ಯಾಪಾರ ನಡೆಯುತ್ತಿತ್ತು. ಒಂದು, ನಾಣ್ಯ ಬದಲಿ. ಪ್ರತಿ ಯೆಹೂದಿ ಗಂಡಸು ವರ್ಷಕ್ಕೆ ಅರ್ಧ ಶೆಕೆಲ್ ದೇವಾಲಯಕ್ಕೆ ಕೊಡಬೇಕು. ಅದನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲೇ ಕೊಡಬೇಕು, ಅದರ ಬೆಳ್ಳಿ ಹೆಚ್ಚು ಶುದ್ಧ. (ತಮಾಷೆ ಅಂದರೆ ಆ ನಾಣ್ಯದ ಮೇಲೆ ಇದ್ದದ್ದು ಮೆಲ್ಕಾರ್ಟ್ ಎಂಬ ಪರದೇವರ ಮುಖ. ಬೆಳ್ಳಿ ಚೆನ್ನಾಗಿದ್ದರೆ ಮುಖ ಯಾರದ್ದಾದರೇನು!) ಇನ್ನೊಂದು, ಪಾರಿವಾಳ ಮಾರಾಟ. ಕುರಿ ಕೊಡಲಾಗದ ಬಡವರ ಬಲಿ ಅದು. ಯೇಸು ಹುಟ್ಟಿದಾಗ ಅವರ ತಾಯಿ ಮರಿಯಳೂ ಹಕ್ಕಿಗಳ ಜೋಡಿಯನ್ನೇ ಅರ್ಪಿಸಿದಳು ಎಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ. ಈಗ ಅದೇ ಪಾರಿವಾಳ ಮಾರುವವರ ಪೀಠಗಳನ್ನೂ ನಾಣ್ಯದವರ ಮೇಜುಗಳನ್ನೂ ಯೇಸು ಕೆಡವಿದರು. ಪ್ರಾರ್ಥನೆಯ ಮನೆಯನ್ನು ಕಳ್ಳರ ಗವಿ ಮಾಡಿದ್ದೀರಿ ಎಂದರು. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದೂ ಹೇಳಿದರು.

ನನ್ನ ಪ್ರಕಾರ ಅವರ ಸಾವು ಅಲ್ಲಿಗೆ ಹೆಚ್ಚುಕಡಿಮೆ ಖಾತ್ರಿಯಾಯಿತು. ಯೋಹಾನನ ಸುವಾರ್ತೆ ಈ ಘಟನೆಯನ್ನು ವರ್ಷಗಳ ಮುಂಚೆಯೇ ನಡೆದಂತೆ ಹೇಳುತ್ತದೆ, ನಿಜ. ಆದರೆ ಉಳಿದ ಮೂರರಲ್ಲಿರುವ ಕ್ರಮವೇ ನನಗೆ ಜಾಸ್ತಿ ಹೊಂದುವಂತೆ ಕಾಣುತ್ತದೆ.

ಈಗ ಮಹಾಯಾಜಕ ಕಾಯಫನ ಸ್ಥಾನದಲ್ಲಿ ನಿಂತು ನೋಡಿ. ಅವನನ್ನು ಆ ಪದವಿಗೆ ನೇಮಿಸಿದ್ದೇ ರೋಮನ್ ಅಧಿಕಾರಿ. ಹಬ್ಬದ ದಿನ ಅವನು ಉಡಬೇಕಾದ ಪವಿತ್ರ ವಸ್ತ್ರ ಕೂಡ ರೋಮನ್ನರ ಕೋಟೆಯಲ್ಲಿ ಬೀಗ ಹಾಕಿ ಇಟ್ಟಿರುತ್ತಿತ್ತು, ಕೇಳಿ ತರಬೇಕು. ಊರಲ್ಲಿ ಗಲಭೆಯಾದರೆ ಮೊದಲು ಹೋಗುವುದು ಅವನ ಪದವಿ, ಆಮೇಲೆ ಜನರ ಜೀವ. ಯೋಹಾನನ ಸುವಾರ್ತೆಯಲ್ಲಿ ಅವನ ಲೆಕ್ಕಾಚಾರ ಬಿಚ್ಚುಮಾತಿನಲ್ಲಿದೆ: ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಮೇಲು. ಅವನನ್ನು ರಾಕ್ಷಸ ಅನ್ನುವುದು ಸುಲಭ. ನನಗೆ ಅವನು ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಬಿದ್ದ ಅಧಿಕಾರಿಯಂತೆ ಕಾಣುತ್ತಾನೆ. ರಾತ್ರಿ ಹಿಡಿಸಿದ್ದೂ ಅದಕ್ಕೇ. ಹಬ್ಬದ ಗುಂಪಿನ ನಡುವೆ ಹಿಡಿದರೆ ಜನ ರೊಚ್ಚಿಗೇಳುತ್ತಾರೆ ಎಂಬ ಭಯವಿತ್ತು ಎಂದು ಮಾರ್ಕ ಬರೆದಿದ್ದಾನೆ.

ಯಾಜಕರ ಸಭೆಯಲ್ಲಿ ದೇವದೂಷಣೆಯ ಮಾತು ಬಂತು. ಆದರೆ ಯೆಹೂದಿ ಶಾಸ್ತ್ರದಲ್ಲಿ ದೇವದೂಷಣೆಗೆ ಶಿಕ್ಷೆ ಕಲ್ಲೆಸೆದು ಕೊಲ್ಲುವುದು. ಮುಂದೆ ಯೇಸುವಿನ ಅನುಯಾಯಿ ಸ್ತೆಫನ ಸತ್ತದ್ದು ಹಾಗೆ. ಶಿಲುಬೆ ರೋಮನ್ನರ ಶಿಕ್ಷೆ, ಅದೂ ಮುಖ್ಯವಾಗಿ ಗುಲಾಮರಿಗೆ ಮತ್ತು ಬಂಡುಕೋರರಿಗೆ. ಹೀಗಾಗಿ ರಾಜ್ಯಪಾಲನ ಮುಂದೆ ಹೋಗುವಷ್ಟರಲ್ಲಿ ಆರೋಪ ಬದಲಾಗಿತ್ತು. ಈತ ಜನರ ದಾರಿ ತಪ್ಪಿಸುತ್ತಾನೆ, ಕೈಸರನಿಗೆ, ಅಂದರೆ ರೋಮನ್ ಚಕ್ರವರ್ತಿಗೆ, ತೆರಿಗೆ ಕೊಡಬೇಡಿ ಅನ್ನುತ್ತಾನೆ, ತಾನೇ ಅರಸ ಅನ್ನುತ್ತಾನೆ. ರಾಜ್ಯಪಾಲ ಪಿಲಾತ ಕೇಳಿದ್ದು ಒಂದೇ: 'ನೀನು ಯೆಹೂದ್ಯರ ಅರಸನೋ?' ಸಿಕ್ಕ ಉತ್ತರ: 'ನೀನೇ ಹೇಳಿದ್ದೀ.' ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಪೊಂತ್ಯ ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಅಲ್ಲಿ ಅಧಿಕಾರದಲ್ಲಿದ್ದವನು. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದ ಹಳೆಯ ರಂಗಮಂದಿರದ ಅವಶೇಷದಲ್ಲಿ ಸಿಕ್ಕಿತು. ಸುವಾರ್ತೆಗಳಲ್ಲಿ ಅವನು ಹಿಂದೆಮುಂದೆ ನೋಡುವ, ಕೈ ತೊಳೆದುಕೊಳ್ಳುವ ಮನುಷ್ಯ. ಜೋಸೆಫಸ್ ತೋರಿಸುವ ಪಿಲಾತನೇ ಬೇರೆ. ದೇವಾಲಯದ ಹಣ ಬಳಸಿ ಕಾಲುವೆ ಕಟ್ಟಿಸಲು ಹೊರಟಾಗ ಜನ ಪ್ರತಿಭಟಿಸಿದರು. ಇವನು ಸೈನಿಕರಿಗೆ ಊರವರ ಬಟ್ಟೆ ಉಡಿಸಿ, ಒಳಗೆ ದೊಣ್ಣೆ ಬಚ್ಚಿಟ್ಟುಕೊಳ್ಳುವಂತೆ ಹೇಳಿ, ಗುಂಪಿನಲ್ಲಿ ಬೆರೆಸಿ, ಸನ್ನೆ ಮಾಡಿ ಹೊಡೆಸಿದ. ಕೊನೆಗೆ ಸಮಾರ್ಯದ ಜನರನ್ನು ಕೊಲ್ಲಿಸಿದ್ದಕ್ಕೇ ಕೆಲಸ ಹೋಯಿತು. ಇಂಥವನು ಒಬ್ಬ ಗಲಿಲಾಯದವನಿಗಾಗಿ ಅಷ್ಟು ಒದ್ದಾಡಿದ ಎಂದರೆ ನನಗೆ ನಂಬಿಕೆ ಬರುವುದಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಪೇತ್ರ, ಯೋಹಾನ ಮುಂತಾದ ಶಿಷ್ಯರನ್ನು ಪಿಲಾತ ಬೆನ್ನಟ್ಟಿ ಹಿಡಿಯಲಿಲ್ಲ. ಇದು ಆಯುಧ ಹಿಡಿದ ಪಡೆ ಅಂತ ಅನ್ನಿಸಿದ್ದರೆ ಒಬ್ಬನನ್ನೂ ಬಿಡುತ್ತಿರಲಿಲ್ಲ. ಯೇಸು ಕತ್ತಿ ಹಿಡಿದವರಲ್ಲ ಅಂತ ನೀವು ಹೇಳಿದಿರಲ್ಲ, ಅದು ಅವನಿಗೂ ಗೊತ್ತಿತ್ತು. ಅವನ ಚಿಂತೆ ಇದ್ದದ್ದು ಗುಂಪಿನದು. ಆ ಗುಂಪಿಗೆ ತೋರಿಸುವುದಕ್ಕೇ ಹಲಗೆ ಬರೆಸಿ, ಜನ ಓಡಾಡುವ ಜಾಗದಲ್ಲಿ, ಇನ್ನಿಬ್ಬರು ಅಪರಾಧಿಗಳ ನಡುವೆ ನೇತುಹಾಕಿಸಿದ್ದು. ಕ್ರಿ.ಶ. 30 ಇಲ್ಲವೇ 33ರ ಏಪ್ರಿಲ್‌ನ ಒಂದು ಶುಕ್ರವಾರ ಎಂದು ಬಹಳಷ್ಟು ವಿದ್ವಾಂಸರ ಲೆಕ್ಕ. ಪಿಲಾತನ ಕೈಯಲ್ಲಿ ಈ ಮರಣದಂಡನೆ ಆಯಿತು ಎಂದು ಕ್ರೈಸ್ತರನ್ನು ಕಂಡರಾಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ.

'ಯೆಹೂದ್ಯರೋ?' ಎಂಬ ಪ್ರಶ್ನೆ ಸಣ್ಣದಲ್ಲ. ಕೆಲವು ಯಾಜಕರ ಪಾಲು ಇತ್ತು, ಅಷ್ಟೇ. ಯೇಸು ಯೆಹೂದ್ಯರು, ತಾಯಿ ಯೆಹೂದ್ಯಳು, ಶಿಷ್ಯರು ಯೆಹೂದ್ಯರು, ಜೈಕಾರ ಹಾಕಿದ ಜನವೂ ಯೆಹೂದ್ಯರೇ. ಆದರೆ 'ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ' ಎಂದು ಜನ ಕೂಗಿದರು ಎಂಬ ಮತ್ತಾಯನ ಒಂದು ಸಾಲನ್ನು ಹಿಡಿದು ಯುರೋಪಿನಲ್ಲಿ ಶತಮಾನಗಟ್ಟಲೆ ಯೆಹೂದ್ಯರನ್ನು 'ದೇವರನ್ನು ಕೊಂದವರು' ಎಂದು ಹೊಡೆದು ಬಡಿದು ಓಡಿಸಿದರು. 1965ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಈ ಆರೋಪ ಹೊರಿಸಬಾರದು ಎಂದು ಹೇಳಿತು. ತುಂಬಾ ತಡವಾಗಿ ಬಂದ ಮಾತು.

ಇದೆಲ್ಲ ಇತಿಹಾಸದ ಉತ್ತರ. ಭಕ್ತರನ್ನು ಕೇಳಿದರೆ 'ನಮ್ಮ ಪಾಪಕ್ಕಾಗಿ ಸತ್ತರು' ಅನ್ನುತ್ತಾರೆ. ಎರಡೂ ಒಂದಕ್ಕೊಂದು ಅಡ್ಡ ಬರಬೇಕಾಗಿಲ್ಲ. ಪಿಲಾತ ಯಾಕೆ ಕೊಂದ ಎಂಬುದು ಒಂದು ಪ್ರಶ್ನೆ, ಆ ಸಾವಿಗೆ ಅರ್ಥ ಏನು ಎಂಬುದು ಇನ್ನೊಂದು. ಅರ್ಥ ಹುಡುಕುವ ಕೆಲಸ ತಕ್ಷಣವೇ ಶುರುವಾಯಿತು, ಯಾಕೆಂದರೆ ಶಿಷ್ಯರಿಗೆ ದೊಡ್ಡ ಮುಜುಗರ ಎದುರಾಗಿತ್ತು. ಶಿಲುಬೆಯಲ್ಲಿ ಸತ್ತವನು ಸೋತವನು. ಯೇಸು ಮತ್ತೆ ಎದ್ದು ಬಂದರು, ನಾವು ಕಂಡೆವು ಎಂಬ ಅವರ ನಂಬಿಕೆ ಇರದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸುಮಾರು 25 ವರ್ಷ ಕಳೆದ ಮೇಲೆ ಗ್ರೀಸಿನ ಕೊರಿಂಥ ಪಟ್ಟಣದವರಿಗೆ ಬರೆದ ಪತ್ರದಲ್ಲಿ ಕ್ರೈಸ್ತ ಪ್ರಚಾರಕ ಪೌಲನು, ಶಿಲುಬೆಗೇರಿದ ಕ್ರಿಸ್ತ ಅಂದರೆ ಯೆಹೂದ್ಯರು ಎಡವುತ್ತಾರೆ, ಬೇರೆಯವರು ಹುಚ್ಚುತನ ಅನ್ನುತ್ತಾರೆ ಎಂದು ಒಪ್ಪಿಕೊಳ್ಳುತ್ತಾನೆ.

ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ರೋಮ್ ನಗರದ ಪಾಲಟೈನ್ ಗುಡ್ಡದ ಒಂದು ಗೋಡೆಯ ಮೇಲೆ ಯಾರೋ ಗೀಚಿದ ಚಿತ್ರ ಸಿಕ್ಕಿದೆ. ಸುಮಾರು ಕ್ರಿ.ಶ. 200ರದ್ದು ಎನ್ನುತ್ತಾರೆ. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ ಹುಡುಗ. ಪಕ್ಕದಲ್ಲಿ ಒರಟು ಗ್ರೀಕ್ ಅಕ್ಷರಗಳಲ್ಲಿ ಬರೆದಿದೆ: 'ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ.'