ಲೋಟದ ನೀರು ಏರಿದ್ದು ಕಾಣಲಿಲ್ಲವೇಕೆ?

ಒಂದು ಸಂಗೀತಮಯ ಹಾಸ್ಯಚಿತ್ರ. ವಾದ್ಯವೃಂದದ ನಾಲ್ವರು ಮೇಜಿನ ಸುತ್ತ ಕುಳಿತು ಜಗಳವಾಡುತ್ತಿದ್ದಾರೆ. ಗಾಯಕನ ಮುಂದಿರುವ ಲೋಟದಲ್ಲಿ ಅರ್ಧ ನೀರಿದೆ. ಡ್ರಮ್ ಬಾರಿಸುವವನು ಏನೋ ಹೇಳುತ್ತಾನೆ, ಉಳಿದವರು ನಗುತ್ತಾರೆ, ಮತ್ತೆ ಗಾಯಕನ ಮುಖ ಬರುತ್ತದೆ. ಈಗ ಲೋಟ ಕಂಠಮಟ್ಟ ತುಂಬಿದೆ. ಇನ್ನೊಂದು ಶಾಟ್ ಕಳೆಯುವಷ್ಟರಲ್ಲಿ ಮತ್ತೆ ಅರ್ಧಕ್ಕಿಳಿದಿದೆ. ಯಾರ ಕೈಯೂ ಅದನ್ನು ಮುಟ್ಟಿಲ್ಲ.

ಅಕ್ಕನ ಮಗ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿದ. "ಇಷ್ಟೊಂದು ಹಣ ಸುರಿದು ಸಿನಿಮಾ ಮಾಡುತ್ತಾರೆ, ಒಂದು ಲೋಟ ನೋಡಿಕೊಳ್ಳಲು ಆಗುವುದಿಲ್ಲವೇ ಮಾಮ?" ಎಂದು ಕೇಳಿದ. ಆ ಚಿತ್ರವನ್ನು ನಾನು ಅದಾಗಲೇ ಮೂರು ಸಲ ನೋಡಿದ್ದೆ. ಲೋಟ ಮೂರು ಸಲವೂ ನನ್ನ ಕಣ್ಣ ಮುಂದೆಯೇ ಏರಿತ್ತು, ಇಳಿದಿತ್ತು. ಅವನ ಪ್ರಶ್ನೆಗಿಂತ ನನ್ನನ್ನು ಕಾಡಿದ್ದು ಇದು. ಚಿತ್ರತಂಡದ ಅಲಕ್ಷ್ಯವನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ನೋಡಿದ ಲಕ್ಷಾಂತರ ಜನರಿಗೆ ಅದು ಕಾಣಲೇ ಇಲ್ಲ ಎಂಬ ಅದ್ಭುತದ ಬಗ್ಗೆ ಮಾತನಾಡುವವರು ಕಡಿಮೆ.

"ನಾನಾಗಿದ್ದರೆ ಖಂಡಿತ ಗಮನಿಸುತ್ತಿದ್ದೆ" ಎನ್ನುವವರಿಗಾಗಿ ಒಂದು ಪ್ರಯೋಗವಿದೆ. 1997ರಲ್ಲಿ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನೋವಿಜ್ಞಾನಿಗಳು ಇಬ್ಬರು ಗೆಳತಿಯರು ಊಟದ ಮೇಜಿನಲ್ಲಿ ಹರಟುವ ಪುಟ್ಟ ಚಿತ್ರವೊಂದನ್ನು ತಯಾರಿಸಿದರು. ಅದರಲ್ಲಿ ಬೇಕೆಂದೇ ಒಂಬತ್ತು ತಪ್ಪುಗಳನ್ನು ಸೇರಿಸಿದರು. ಒಬ್ಬಳ ಕೊರಳಿನ ಸ್ಕಾರ್ಫ್ ಒಂದು ಶಾಟಿನಲ್ಲಿ ಇದ್ದರೆ ಮುಂದಿನದರಲ್ಲಿ ಇರಲಿಲ್ಲ. ಮೇಜಿನ ಕೆಂಪು ತಟ್ಟೆಗಳು ಬಿಳಿಯಾದವು. ನೋಡಿದ ಹತ್ತು ಮಂದಿಯಲ್ಲಿ ಒಬ್ಬರು ಮಾತ್ರ ಒಂದೇ ಒಂದು ಬದಲಾವಣೆಯನ್ನು ಗುರುತಿಸಿದರು. "ತಪ್ಪುಗಳಿವೆ, ಹುಡುಕಿ" ಎಂದು ಹೇಳಿ ಮತ್ತೆ ತೋರಿಸಿದಾಗಲೂ ಸರಾಸರಿ ಎರಡಷ್ಟೇ ಸಿಕ್ಕವು. ಅವರ ಇನ್ನೊಂದು ಚಿತ್ರದಲ್ಲಿ, ಕುರ್ಚಿಯಿಂದ ಎದ್ದು ಹೋದ ವ್ಯಕ್ತಿಯೇ ಬೇರೆ, ಕಟ್ ಆದ ಮೇಲೆ, ಎಂದರೆ ಒಂದು ಶಾಟ್ ಮುಗಿದು ಇನ್ನೊಂದು ಬಂದಾಗ, ಫೋನ್ ಎತ್ತಿಕೊಂಡ ವ್ಯಕ್ತಿಯೇ ಬೇರೆ. ಆ ಚಿತ್ರದಲ್ಲಿ ಇದ್ದದ್ದೇ ಒಂದು ಪಾತ್ರ. ಆದರೂ ಮೂರರಲ್ಲಿ ಎರಡು ಪಾಲು ಜನರಿಗೆ ಮನುಷ್ಯನೇ ಬದಲಾದದ್ದು ತಿಳಿಯಲಿಲ್ಲ. ಇದನ್ನು ಬದಲಾವಣೆ-ಕುರುಡು ಎಂದು ಕರೆಯಬಹುದು.

ಕಣ್ಣು ಒಂದು ಕ್ಯಾಮೆರಾ, ನೆನಪು ಅದರ ರೀಲು ಎಂಬ ನಂಬಿಕೆಯೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು. ಶಾಲೆಯಲ್ಲಿ ಕಣ್ಣಿನ ಚಿತ್ರ ಬರೆಸುವಾಗಲೇ ಈ ಹೋಲಿಕೆ ತಲೆಗೆ ಹೊಕ್ಕು ಕುಳಿತುಬಿಡುತ್ತದೆ. ಅದನ್ನು ಕಿತ್ತುಹಾಕುವುದು ಕಷ್ಟ.

ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಅದರ ಉಗುರು ಎಷ್ಟು ಅಗಲ ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಎಂದರೆ ಎರಡು ಡಿಗ್ರಿಯಷ್ಟನ್ನು, ನಮ್ಮ ಕಣ್ಣು ಒಮ್ಮೆಗೆ ಸ್ಪಷ್ಟವಾಗಿ ನೋಡಬಲ್ಲದು. ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಚುಕ್ಕೆಗೆ ಮಾತ್ರ ಆ ತೀಕ್ಷ್ಣತೆಯಿದೆ. ಅದರಿಂದ ದೂರ ಸರಿದಂತೆಲ್ಲ ಲೋಕ ಮಸುಕು. ಕತ್ತಲ ಹಜಾರದಲ್ಲಿ ಸಣ್ಣ ಟಾರ್ಚು ಹಿಡಿದು ಗೋಡೆಯ ಮೇಲಿನ ದೊಡ್ಡ ಚಿತ್ರವೊಂದನ್ನು ನೋಡುವವನಂತೆ ನಾವು ಲೋಕವನ್ನು ನೋಡುತ್ತೇವೆ. ಟಾರ್ಚಿನ ಬೆಳಕು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತದೆ. ಕಣ್ಣಿನ ಈ ನೆಗೆತಕ್ಕೆ ಸ್ಯಾಕೇಡ್ ಎಂದು ಹೆಸರು.

ನೆಗೆಯುವಾಗ ಲೋಕವೆಲ್ಲ ಗರ್ರನೆ ತಿರುಗಿದಂತೆ ಕಾಣಬೇಕಿತ್ತು. ಹಾಗೆ ಕಾಣುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಮಿದುಳು ದೃಷ್ಟಿಯನ್ನು ಬಹುಮಟ್ಟಿಗೆ ಮಂಕಾಗಿಸಿಬಿಡುತ್ತದೆ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಬಳಿಕ ಬಲಗಣ್ಣನ್ನು ನೋಡಿ. ಪಕ್ಕದಲ್ಲಿ ನಿಂತವರಿಗೆ ನಿಮ್ಮ ಕಣ್ಣು ಹೊರಳುವುದು ಸ್ಪಷ್ಟವಾಗಿ ಕಾಣುತ್ತದೆ. ನಿಮಗೆ ಮಾತ್ರ ಎಂದಿಗೂ ಕಾಣದು. ಎರ್ಡ್‌ಮನ್ ಮತ್ತು ಡಾಜ್ ಎಂಬ ವಿಜ್ಞಾನಿಗಳು 1898ರಲ್ಲೇ ಇದನ್ನು ದಾಖಲಿಸಿದ್ದರು. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಇದನ್ನೇ ಮಾಡಿ ನೋಡಿ, ಕಣ್ಣು ಹೊರಳುವುದು ಕಾಣುತ್ತದೆ! ಮೊಬೈಲು ದೃಶ್ಯವನ್ನು ಚೂರು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಕಣ್ಣಿನ ನೆಗೆತ ಮುಗಿದಿರುತ್ತದೆ, ದೃಷ್ಟಿ ಮರಳಿ ಬಂದಿರುತ್ತದೆ. ಇದನ್ನು ಮೊದಲ ಸಲ ಕಂಡ ದಿನ ನಾನು ಕನ್ನಡಿಗೂ ಮೊಬೈಲಿಗೂ ಹತ್ತಾರು ಸಲ ಓಡಾಡಿದೆ. ಒಂದು ನೆಗೆತಕ್ಕೆ 30 ಮಿಲಿಸೆಕೆಂಡ್ ಎಂದು ಹಿಡಿದರೂ ಹದಿನಾರು ಗಂಟೆ ಎಚ್ಚರವಿರುವ ಮನುಷ್ಯ ದಿನಕ್ಕೆ ಸುಮಾರು ಒಂದೂವರೆ ಗಂಟೆ ಹೀಗೆ ಅರೆಗುರುಡನಾಗಿ ಕಳೆಯುತ್ತಾನೆ. ಅದರ ಸುಳಿವೂ ಅವನಿಗೆ ಇರುವುದಿಲ್ಲ.

ಆ ಬಿಡುವುಗಳನ್ನು ಮಿದುಳು ತುಂಬಿಕೊಳ್ಳುವ ಬಗೆಯೇ ನಮ್ಮ ಲೋಟದ ರಹಸ್ಯ. ಅದು ಪ್ರತಿಯೊಂದು ನೋಟದ ವಿವರವನ್ನೂ ಕಾಪಿಟ್ಟುಕೊಂಡು ಹಿಂದಿನದರ ಜೊತೆ ತಾಳೆ ಹಾಕುವುದಿಲ್ಲ. ಒಂದು ಕ್ಷಣದಿಂದ ಇನ್ನೊಂದಕ್ಕೆ ಅದು ಹೊತ್ತೊಯ್ಯಬಲ್ಲದ್ದು ಹೆಚ್ಚೆಂದರೆ ಮೂರು ನಾಲ್ಕು ವಸ್ತುಗಳನ್ನು. ಊರಿಗೆ ಹೊರಟವನು ಇಡೀ ಮನೆಯನ್ನು ಹೊತ್ತೊಯ್ಯುವುದಿಲ್ಲ, ಬೀಗದ ಕೈಯನ್ನಷ್ಟೇ ಜೇಬಿಗೆ ಹಾಕಿಕೊಳ್ಳುತ್ತಾನೆ. ಮನೆ ಅಲ್ಲಿಯೇ ಇರುತ್ತದೆ ಎಂಬ ಭರವಸೆ ಅವನದು. ನಿಘಂಟು ಕೈಗೆಟಕುವಂತಿದ್ದರೆ ಅದನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ, ಬೇಕಾದಾಗ ಪುಟ ತೆರೆಯುತ್ತಾರೆ. ಮಿದುಳಿಗೆ ಹೊರಗಿನ ಲೋಕವೇ ಅಂಥ ನಿಘಂಟು. ಲೋಟದಲ್ಲಿ ನೀರೆಷ್ಟಿದೆ ಎಂದು ತಿಳಿಯಬೇಕೆನಿಸಿದರೆ ಕಣ್ಣು ಅತ್ತ ನೆಗೆಯುತ್ತದೆ, ಉತ್ತರ ತಕ್ಷಣ ಸಿಗುತ್ತದೆ. ಕೇಳಿದಾಗಲೆಲ್ಲ ಉತ್ತರ ಸಿಗುವುದರಿಂದ ಉತ್ತರವೆಲ್ಲ ಮೊದಲೇ ತಲೆಯೊಳಗಿತ್ತು ಎಂಬ ಭ್ರಮೆ ನಮ್ಮದಾಗುತ್ತದೆ. ಈ ಏರ್ಪಾಡು ನಿಜಲೋಕದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಯಾರೂ ಮುಟ್ಟದ ಲೋಟದಲ್ಲಿ ನೀರು ತಾನಾಗಿ ಏರುವುದಿಲ್ಲವಲ್ಲ! ಸಿನಿಮಾ ಎಂಬ ವಿಚಿತ್ರ ಲೋಕದಲ್ಲಿ ಮಾತ್ರ ನಿಘಂಟಿನ ಪುಟಗಳನ್ನು ಯಾರೋ ಹಿಂದಿನಿಂದ ಬದಲಿಸುತ್ತಿರುತ್ತಾರೆ.

ಸಿನಿಮಾದ ಕಟ್ ನಮಗೆ ಅಸಹಜ ಎನಿಸದಿರುವುದಕ್ಕೂ ಇದೇ ಕಾರಣ ಎಂದು ನಾನು ನಂಬುತ್ತೇನೆ. ಕಣ್ಣಿನ ನೆಗೆತ, ರೆಪ್ಪೆಯ ಬಡಿತ, ಇವೆಲ್ಲ ನಮ್ಮೊಳಗೆ ಹುಟ್ಟಿದಾಗಿನಿಂದ ನಡೆದುಬಂದ ಸಂಕಲನ. ಪಾತ್ರ ಕೈಯೆತ್ತುವುದನ್ನು ಒಂದು ಕೋನದಲ್ಲಿ ಆರಂಭಿಸಿ ಇನ್ನೊಂದು ಕೋನದಲ್ಲಿ ಮುಗಿಸಿದರೆ ಕಟ್ ಕರಗಿಹೋಗುತ್ತದೆ. ಕಟ್ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದು ಹೇಳಿ ಕೂರಿಸಿದ ಪ್ರೇಕ್ಷಕರು ಸಹ ಇಂಥ ಕಟ್‌ಗಳಲ್ಲಿ ಮೂರರಲ್ಲೊಂದು ಪಾಲನ್ನು ತಪ್ಪಿಸಿಕೊಂಡದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಹಾಗಾದರೆ ಹಾಸ್ಯಚಿತ್ರಗಳಲ್ಲಿ ಇಂಥ ತಪ್ಪುಗಳು ಹೆಚ್ಚಾಗಿ ಸಿಗುವುದೇಕೆ? ನಗು ಹುಟ್ಟುವುದು ಒಂದು ಟೇಕಿನಲ್ಲಿ, ಒಂದೇ ಸಲ. ನಟ ಪ್ರತಿ ಟೇಕಿನಲ್ಲೂ ಮಾತು ಬದಲಿಸುತ್ತಾನೆ, ಒಂದು ಗುಟುಕು ಹೆಚ್ಚು ಕುಡಿಯುತ್ತಾನೆ. ಮಧ್ಯಾಹ್ನದ ಊಟಕ್ಕೆ ಎದ್ದು ಬರುವಷ್ಟರಲ್ಲಿ ಸಹಾಯಕರು ಲೋಟ ತುಂಬಿಸಿರುತ್ತಾರೆ. ಸಂಕಲನಕಾರನ ಮುಂದೆ ಎರಡು ದಾರಿಗಳಿರುತ್ತವೆ. ಲೋಟ ಹೊಂದುವ, ನಗು ಬಾರದ ಟೇಕ್ ಒಂದು. ಲೋಟ ಹೊಂದದ, ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಟೇಕ್ ಇನ್ನೊಂದು. ಬಲ್ಲ ಸಂಕಲನಕಾರ ಎರಡನೆಯದನ್ನೇ ಎತ್ತಿಕೊಳ್ಳುತ್ತಾನೆ. ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್‌ಗೆ ಬೇಕಾದ ಆರು ಗುಣಗಳಿಗೆ ಅಂಕ ಹಂಚಿದ್ದಾರೆ. ಭಾವಕ್ಕೆ ನೂರಕ್ಕೆ 51, ಕಥೆಗೆ 23, ಲಯಕ್ಕೆ 10. ಯಾರು ಎಲ್ಲಿದ್ದಾರೆ, ಯಾವುದು ಎಲ್ಲಿದೆ ಎಂಬ ಸ್ಥಳದ ನಿರಂತರತೆ ಕೊನೆಯಲ್ಲಿದೆ, ಅದಕ್ಕೆ 4. ಎಂದರೆ ಲೋಟವನ್ನು ಕೈಬಿಟ್ಟದ್ದು ಅಲಕ್ಷ್ಯದಿಂದಲೇ ಎಂದು ಹೇಳುವಂತಿಲ್ಲ. ಅನೇಕ ವೇಳೆ ತೂಗಿ ನೋಡಿಯೇ ಕೈಬಿಟ್ಟಿರುತ್ತಾರೆ.

ಕಾಲ್ಪನಿಕ ರಾಕ್ ತಂಡವೊಂದರ ಸುತ್ತ ಹೆಣೆದ 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಚಿತ್ರದ ಸಂಭಾಷಣೆ ಬಹುಪಾಲು ನಟರು ಸ್ಥಳದಲ್ಲೇ ಹುಟ್ಟಿಸಿದ್ದು. ಹತ್ತಾರು ಗಂಟೆಗಳ ಚಿತ್ರೀಕರಣವನ್ನು ಸುಮಾರು 82 ನಿಮಿಷಕ್ಕೆ ಇಳಿಸಿದರು. ಅದರಲ್ಲಿ ಒಂದೆಡೆ ತಂಡದವರ ತುಟಿಗಳ ಮೇಲೆ ಇದ್ದಕ್ಕಿದ್ದಂತೆ ಹುಣ್ಣುಗಳು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಕಾರಣ ತಿಳಿಸುವ ಉಪಕಥೆ ಸಂಕಲನದಲ್ಲಿ ಕತ್ತರಿಗೆ ಸಿಕ್ಕಿತು, ಹುಣ್ಣು ಉಳಿಯಿತು.

ಸಂಗೀತಚಿತ್ರಕ್ಕೆ ಇನ್ನೊಂದು ಬಲವೂ ಇದೆ. ಕಾಲವನ್ನು ಅಳೆಯುವುದರಲ್ಲಿ ಕಣ್ಣು ಕಿವಿಯ ಹತ್ತಿರಕ್ಕೂ ಬರಲಾರದು. ಸದ್ದಿನ ನಡುವೆ ಎರಡು ಮೂರು ಮಿಲಿಸೆಕೆಂಡಿನ ಬಿಡುವಿದ್ದರೂ ಕಿವಿ ಅದನ್ನು ಹಿಡಿಯಬಲ್ಲದು. ಸಿನಿಮಾದ ಒಂದು ಫ್ರೇಮು ಪರದೆಯ ಮೇಲೆ ಸುಮಾರು 42 ಮಿಲಿಸೆಕೆಂಡ್ ನಿಲ್ಲುತ್ತದೆ. ಹಾಗಾಗಿ ಹಾಡಿನ ದೃಶ್ಯದಲ್ಲಿ ಸಂಗೀತವೇ ದಾರ, ಶಾಟ್‌ಗಳು ಅದರಲ್ಲಿ ಪೋಣಿಸಿದ ಮಣಿಗಳು. ಒಂದು ಮಣಿ ಕೆಂಪು, ಇನ್ನೊಂದು ಹಸಿರು ಆದರೂ ದಾರ ತುಂಡಾಗದಿದ್ದರೆ ಹಾರ ಒಂದೇ. ಗಾಯಕಿಯ ಕೂದಲು ಪಲ್ಲವಿಯಲ್ಲಿ ಕಿವಿಯ ಹಿಂದಿದ್ದು ಚರಣದಲ್ಲಿ ಮುಂದೆ ಬಂದಿದ್ದರೂ ತಾಳ ತಪ್ಪದಿದ್ದರೆ ಮಿದುಳು ತಕರಾರು ಎತ್ತುವುದಿಲ್ಲ.

ಕಿವಿ ಸಹ ಎಲ್ಲ ತಪ್ಪುಗಳಿಗೂ ಒಂದೇ ದಂಡ ವಿಧಿಸುವುದಿಲ್ಲ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದರೆ ನಮಗೆ ತಿಳಿಯುತ್ತದೆ. ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡ್‌ವರೆಗೂ ತಿಳಿಯುವುದಿಲ್ಲ. ಪ್ರಸಾರಕ್ಕೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಗುರುತಿಸಿರುವ ಮಿತಿಗಳಿವು. ಈ ತಾರತಮ್ಯ ಎಷ್ಟು ಸೊಗಸಾದದ್ದು! ನಿಸರ್ಗದಲ್ಲಿ ಸದ್ದು ಬೆಳಕಿಗಿಂತ ಮೊದಲು ಬರುವುದೇ ಇಲ್ಲ. ಸೆಕೆಂಡಿಗೆ ಸುಮಾರು 343 ಮೀಟರ್ ನಡೆಯುವ ಸದ್ದು ಬೆಳಕಿನ ಹಿಂದೆ ಯಾವಾಗಲೂ ಏದುಸಿರು ಬಿಡುತ್ತಿರುತ್ತದೆ. ನಲವತ್ತು ಮೀಟರ್ ದೂರದಲ್ಲಿ ಡ್ರಮ್ ಬಾರಿಸುವವನ ಕೋಲು ಬಿದ್ದದ್ದು ಕಂಡ ಮೇಲೆ ಸದ್ದು ಕೇಳಲು ಸುಮಾರು 117 ಮಿಲಿಸೆಕೆಂಡ್ ಬೇಕು. ತಡವಾದ ಸದ್ದನ್ನು ಕ್ಷಮಿಸುವುದು ಹೀಗೆ ಮಿದುಳಿಗೆ ರೂಢಿಯಾಗಿದೆ. ಮೊದಲೇ ಬಂದ ಸದ್ದು ಅದು ಎಂದೂ ಕಾಣದ ಅಪಚಾರ.

ಆರಂಭದ ಮಾತಿನ ಚಿತ್ರಗಳು ಸದ್ದಿಗೂ ಚಿತ್ರಕ್ಕೂ ಹೊಂದಾಣಿಕೆ ತಪ್ಪುವ ಭಯದಲ್ಲೇ ಬದುಕಿದವು. 1927ರ 'ದಿ ಜಾಝ್ ಸಿಂಗರ್' ಬಳಸಿದ ವೈಟಾಫೋನ್ ವ್ಯವಸ್ಥೆಯಲ್ಲಿ ಚಿತ್ರ ರೀಲಿನಲ್ಲಿ, ಸದ್ದು ಹದಿನಾರು ಇಂಚಿನ ಬೇರೊಂದು ಗ್ರಾಮಫೋನ್ ತಟ್ಟೆಯಲ್ಲಿ ಇರುತ್ತಿತ್ತು. ರೀಲು ಹರಿದು ನಾಲ್ಕು ಫ್ರೇಮು ಹೋದರೆ ಅಷ್ಟೇ ಖಾಲಿ ಫ್ರೇಮುಗಳನ್ನು ಅಂಟಿಸಬೇಕಿತ್ತು. ಇಲ್ಲವಾದರೆ ಅಲ್ಲಿಂದ ಮುಂದೆ ಸದ್ದು ಹಿಂದೆ ಬೀಳುತ್ತಿತ್ತು. ಆ ಕಾಲದ ಪಾಡನ್ನೇ 1952ರ 'ಸಿಂಗಿನ್ ಇನ್ ದ ರೈನ್' ಹಾಸ್ಯವಾಗಿಸಿತು. ಅದರ ಕಥೆಯೊಳಗಿನ ಚಿತ್ರದಲ್ಲಿ ಹೊಂದಾಣಿಕೆ ತಪ್ಪಿ, ನಾಯಕಿಯ ಕೀಚಲು "ಇಲ್ಲ, ಇಲ್ಲ, ಇಲ್ಲ" ಖಳನಾಯಕನ ಬಾಯಿಂದಲೂ ಅವನ ಗಡಸು "ಹೌದು, ಹೌದು, ಹೌದು" ಅವಳ ಬಾಯಿಂದಲೂ ಹೊರಡುತ್ತದೆ. ತುಟಿಗೂ ದನಿಗೂ ಇರುವ ನಂಟು ಅಷ್ಟು ಬಿಗಿಯಾದದ್ದು. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ತೋರಿಸಿದಂತೆ, "ಬ" ಎಂಬ ದನಿಗೆ "ಗ" ಎನ್ನುವ ತುಟಿಗಳನ್ನು ಜೋಡಿಸಿದರೆ ಬಹಳ ಮಂದಿಗೆ "ದ" ಎಂದು ಕೇಳಿಸುತ್ತದೆ.

ಇನ್ನು ಕಾಲಕ್ಕೆ ಒಗ್ಗದ ವಸ್ತುಗಳ ತಪ್ಪು. ಇಲ್ಲಿ ಕಣ್ಣಿನ ದೋಷವಿಲ್ಲ, ತಿಳಿವಳಿಕೆಯ ಪ್ರಶ್ನೆಯಿದೆ. 1985ರ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದ ನೃತ್ಯಕೂಟದಲ್ಲಿ ನಾಯಕ ನುಡಿಸುವುದು ಗಿಬ್ಸನ್ ಇಎಸ್-345 ಗಿಟಾರ್. ಆ ದೃಶ್ಯ ನಡೆಯುವುದು 1955ರಲ್ಲಿ, ಆ ಮಾದರಿ ಆಗಿನ್ನೂ ಹುಟ್ಟಿರಲಿಲ್ಲ. ಗಿಟಾರ್ ಬಲ್ಲವರಿಗೆ ಇದು ಥಟ್ಟನೆ ಕಾಣುತ್ತದೆ. ಯಾವುದನ್ನು ಅರಿತಿದ್ದೇವೆಯೋ ಅದರಲ್ಲಿ ನಮ್ಮ ಕುರುಡು ತುಸು ಕಡಿಮೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ವೃತ್ತಿಯಾಗಿ ಪಾಲಿಸುವವರು ಚಿತ್ರತಂಡದ ಕಂಟಿನ್ಯೂಟಿ ಸಹಾಯಕರು. ಯಾವ ಕೈಯಲ್ಲಿ ಲೋಟ, ಯಾವ ಮಾತಿಗೆ ಗುಟುಕು, ಎಷ್ಟು ಗುಂಡಿ ಬಿಚ್ಚಿತ್ತು ಎಂಬುದನ್ನೆಲ್ಲ ಅವರು ಬರೆದಿಡುತ್ತಾರೆ, ಫೋಟೊ ತೆಗೆದಿಡುತ್ತಾರೆ. ನೆನಪನ್ನು ನಂಬಬಾರದೆಂದು ಅವರಿಗೆ ಚೆನ್ನಾಗಿ ಗೊತ್ತು. ಇದನ್ನು ಹೇಳಿದ ಮೇಲೆ ಅಕ್ಕನ ಮಗ ಲೋಟದ ಮಾತು ಬಿಟ್ಟು, ಇನ್ನೂ ಯಾವುದು ನಮ್ಮ ಕಣ್ಣು ತಪ್ಪಿಸಿದೆ ಎಂದು ಕೇಳತೊಡಗಿದ. ಅವನಿಗೆ ಮತ್ತೆ 'ಸಿಂಗಿನ್ ಇನ್ ದ ರೈನ್' ಹಾಕಿ ತೋರಿಸಿದೆ. ಅಲ್ಲಿ ಕೀಚಲು ದನಿಯ ನಟಿಯ ಪಾತ್ರ ಮಾಡಿದವರು ಜೀನ್ ಹೇಗನ್. ಆಕೆಗೆ ಇಂಪಾದ ದನಿಯನ್ನು ಕೊಡುವ ಹುಡುಗಿಯಾಗಿ ಡೆಬ್ಬಿ ರೆನಾಲ್ಡ್ಸ್. ಆ ಹುಡುಗಿ ಮೈಕಿನ ಮುಂದೆ ನಿಂತು ಕೀಚಲು ನಟಿಯ ಸಂಭಾಷಣೆಗೆ ಡಬ್ಬಿಂಗ್ ಮಾಡುತ್ತಾಳೆ, ಅವಳ ತುಟಿ ಅಲುಗುತ್ತದೆ. ಆದರೆ ಅಲ್ಲಿ ಕೇಳುವ ದನಿ ಜೀನ್ ಹೇಗನ್ ಅವರ ಸ್ವಂತ, ಸಹಜ ದನಿ. ಅವನು ಆ ಭಾಗವನ್ನು ಎರಡು ಸಲ ಹಿಂದಕ್ಕೆ ಓಡಿಸಿ, ಕಣ್ಣು ಮುಚ್ಚಿಕೊಂಡು ಕೇಳಿದ.