ಅಳಿವೆಯಿಂದ ಒಳಗೆ ಬರುವಾಗಲೇ ದೋಣಿ ಮಗುಚುವುದು ಯಾಕೆ?

ಪ್ರಶ್ನೆ: ನಮ್ಮದು 10 ಎಚ್‌ಪಿ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್ನಿನ ನಾಡದೋಣಿ. ಬೆಳಿಗ್ಗೆ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ದಾಟಿ ಹೋಗುವಾಗ ಅಷ್ಟೇನೂ ಕಷ್ಟವಿಲ್ಲ. ಮೀನು ತುಂಬಿಕೊಂಡು ವಾಪಸ್ ಬರುವಾಗ ಅದೇ ಜಾಗದಲ್ಲಿ ಭಯವಾಗುತ್ತದೆ. ಯಾಕೆ? ಹೇಗೆ ದಾಟಬೇಕು?

ಉತ್ತರ: ಹೋಗುವಾಗ ಅಲೆಗೆ ಎದುರಾಗಿರುತ್ತೀರಿ. ದೋಣಿಯ ಚೂಪಾದ ಮೂತಿ ಅಲೆಯನ್ನು ಸೀಳುತ್ತದೆ, ಎದುರಿಗೆ ಏನು ಬರುತ್ತಿದೆ ಎಂಬುದೂ ಕಾಣುತ್ತದೆ. ಬರುವಾಗ ಅಲೆ ಬೆನ್ನ ಹಿಂದೆ. ಸಮುದ್ರದ ಕಡೆಯಿಂದ ಕಾಣುವುದು ಅಲೆಯ ಬೆನ್ನು ಮಾತ್ರ, ಒಡೆಯುವ ಮುಖವಲ್ಲ. ಹೀಗಾಗಿ ಹೊರಗಿನಿಂದ ನೋಡಿದರೆ ಅಳಿವೆ ಯಾವಾಗಲೂ ನಿಜಕ್ಕಿಂತ ಶಾಂತವಾಗಿ ಕಾಣುತ್ತದೆ. ಈ ಮೋಸ ಮೊದಲು ಗೊತ್ತಿರಬೇಕು.

ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿನಷ್ಟಕ್ಕೆ ಇಳಿದರೆ ಅಲೆ ಒಡೆಯುತ್ತದೆ. ಅಂದರೆ ಒಂದೂವರೆ ಮೀಟರ್ ಅಲೆ ಎರಡು ಮೀಟರ್ ನೀರಿದ್ದಲ್ಲೇ ಒಡೆದೀತು. ಇಳಿತದ ಹೊತ್ತಿನಲ್ಲಿ ಆಳ ಕಡಿಮೆ. ಜೊತೆಗೆ ಹೊಳೆಯ ನೀರು ಅಲೆಗೆ ಎದುರಾಗಿ ನುಗ್ಗುವುದರಿಂದ ಅಲೆಗಳು ಒಂದಕ್ಕೊಂದು ಹತ್ತಿರವಾಗಿ ಕಡಿದಾಗುತ್ತವೆ. ಐದು ಹೊಳೆ ಒಂದೇ ಬಾಯಲ್ಲಿ ಸೇರುವ ಗಂಗೊಳ್ಳಿಯಂಥ ಕಡೆ ಮಳೆಗಾಲದಲ್ಲಿ ಈ ಸೆಳೆತ ಬಹಳ ಜೋರು. ಉಬ್ಬರ-ಇಳಿತದ ವೇಳೆ ತೋರಿಸುವ ಪಟ್ಟಿಯಲ್ಲಿ ಇಳಿತ ಮುಗಿದಿದ್ದರೂ ಹೊಳೆನೀರು ಇನ್ನೂ ಹೊರಗೆ ಓಡುತ್ತಿರಬಹುದು. ಪಟ್ಟಿಯ ಜೊತೆ ಕಣ್ಣಿಗೆ ಕಾಣುವ ಹರಿವನ್ನೂ ನಂಬಿ. ಒಳಬರಲು ಒಳ್ಳೆಯ ಸಮಯ ಉಬ್ಬರದ ಕೊನೆಯ ಎರಡು ತಾಸು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಇಳಿತವನ್ನಂತೂ ತಪ್ಪಿಸಲೇಬೇಕು.

ಅಳಿವೆಗೆ ಬಂದವರು ಹೊರಗೇ ನಿಂತು ಹತ್ತು–ಹದಿನೈದು ನಿಮಿಷ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಸಿಗುತ್ತದೆ. ಬಿಳಿ ನೊರೆ ಎದ್ದಲ್ಲಿ ಮರಳ ದಿಬ್ಬ; ಅಲೆ ಒಡೆಯದೆ ಉರುಳಿ ಹೋಗುವ ಜಾಗ ಆಳದ ದಾರಿ. ಕಳೆದ ವರ್ಷದ ಗುರುತನ್ನು ನೆಚ್ಚಬೇಡಿ, ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗ ಬದಲಿಸಿರುತ್ತದೆ.

ಆ ಹೊತ್ತಿನಲ್ಲೇ ತಯಾರಿ ಆಗಲಿ. ಬಲೆ, ಮೀನು, ಪೆಟ್ಟಿಗೆಗಳನ್ನು ತಳದಲ್ಲಿಟ್ಟು ಬಿಗಿಯಾಗಿ ಕಟ್ಟಿ. ಮೂತಿಯ ಭಾರ ತೆಗೆದು ಸ್ವಲ್ಪ ಹಿಂದಕ್ಕೆ ಸರಿಸಿ; ಅತಿಯಾದರೆ ಹಿಂಬದಿಯಿಂದ ನೀರು ಹತ್ತುತ್ತದೆ. ಎಲ್ಲರೂ ಲೈಫ್ ಜಾಕೆಟ್ ತೊಡಲಿ. ಟ್ಯಾಂಕಿನ ಎಣ್ಣೆ ನೋಡಿ, ಎಂಜಿನ್ ನಿಲ್ಲಿಸುವ ಹಗ್ಗವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ, ಲಂಗರು ಕೈಗೆ ಸಿಗುವಂತಿರಲಿ.

ದೊಡ್ಡ ಗುಂಪಿನ ಕೊನೆಯ ಅಲೆ ದೋಣಿಯಡಿ ದಾಟಿದ ಕೂಡಲೇ ಅದರ ಬೆನ್ನು ಹಿಡಿದು ಹೊರಡಿ. ಕೌಶಲ ಇರುವುದೆಲ್ಲ ಇಲ್ಲೇ: ಅಲೆಯ ನೆತ್ತಿಯನ್ನು ದಾಟಬಾರದು, ಹಿಂದಿನ ಅಲೆಗೂ ಸಿಗಬಾರದು. ವೇಗ ಹೆಚ್ಚಾದರೆ ದೋಣಿ ನೆತ್ತಿ ದಾಟಿ ಮುಂದಿನ ಇಳಿಜಾರಿಗೆ ಜಾರುತ್ತದೆ. ಮೂತಿ ನೀರಿಗೆ ಚುಚ್ಚುತ್ತದೆ, ಹಿಂಬದಿ ಪಕ್ಕಕ್ಕೆ ತಿರುಗುತ್ತದೆ, ಪ್ರೊಪೆಲ್ಲರ್ ಗಾಳಿಯಲ್ಲಿ ಸುತ್ತುತ್ತದೆ. ಆಗ ಹಿಡಿಕೆ ಎತ್ತ ತಿರುಗಿಸಿದರೂ ದೋಣಿ ಮಾತು ಕೇಳದು, ಅಡ್ಡ ನಿಂತು ಮಗುಚುತ್ತದೆ. ತೀರ ನಿಧಾನವಾದರೆ ಹಿಂದಿನ ಅಲೆ ಮೈಮೇಲೆಯೇ ಒಡೆದು ಎಂಜಿನ್ ನಿಲ್ಲುತ್ತದೆ. ಹೀಗಾಗಿ ಕೈ ಥ್ರಾಟಲ್ ಮೇಲೆಯೇ ಇರಲಿ, ಅಲೆಗೆ ತಕ್ಕಂತೆ ವೇಗ ಕೂಡಿಸಿ, ಕಳೆಯಿರಿ. ನಡುದಾರಿಯಲ್ಲಿ ತಿರುಗಿಸುವ ಯೋಚನೆ ಬೇಡ.

ಎಂಜಿನ್ ಸದ್ದು ಅದೇ ಇದ್ದು ವೇಗ ಕುಸಿದರೆ, ಹಿಂಬದಿ ಕೆಳಗಿಳಿದು ದೋಣಿಯೇ ಹಿಂದೆ ಎಬ್ಬಿಸುವ ಅಲೆಸಾಲು ದೊಡ್ಡದಾದರೆ ತಳ ಹತ್ತಿರವಾಗಿದೆ ಎಂದರ್ಥ. ದಿಬ್ಬಕ್ಕೆ ತಾಗಿದಾಗ ಎಂಜಿನ್ ಕಾಲು (ನೀರಿನೊಳಗಿರುವ ಕೆಳಭಾಗ) ಮೇಲೇಳುವಂತೆ ಲಾಕ್ ಬಿಟ್ಟಿರಿ. ಎಂಜಿನ್ ತಂಪು ಮಾಡಿ ಹೊರಬೀಳುವ ನೀರಿನ ಧಾರೆ ನಿಂತಿದ್ದರೆ ಮರಳು ಒಳಹೋಗಿರಬಹುದು.

ಗಾಳಿಯಿಲ್ಲ, ಆಕಾಶ ಶುಭ್ರ, ಆದರೂ ಅಳಿವೆ ಉದ್ದಕ್ಕೂ ಒಡೆಯುತ್ತಿದೆಯೇ? ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಉದ್ದದ ಅಲೆಗಳು ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಬರುವುದುಂಟು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮೊದಲೇ ನೋಡಿ. ಅಂಥ ದಿನ ನೊರೆಯ ಸಾಲಿನಿಂದ ದೂರದ ಆಳದಲ್ಲಿ ಲಂಗರು ಹಾಕಿ ಉಬ್ಬರಕ್ಕೆ ಕಾಯುವುದೇ ಸರಿ. ಮೀನು ಹಾಳಾದರೂ ಪರವಾಗಿಲ್ಲ. ಎಂಜಿನ್ ಕೆಟ್ಟರೂ ಮೊದಲು ಲಂಗರು ಇಳಿಸಿ. ಹಗ್ಗ ಆಳದ ಐದರಿಂದ ಏಳು ಪಟ್ಟು ಬಿಟ್ಟು, ಮೂತಿಗೇ ಕಟ್ಟಿ. ಹಿಂಬದಿಗೆ ಕಟ್ಟಿದರೆ ಬರುವ ಪ್ರತಿ ಅಲೆಯೂ ಎಂಜಿನ್ನಿನ ಕಡೆಯಿಂದ ದೋಣಿಗೆ ಹತ್ತುತ್ತದೆ. ನಂತರ ಕರಾವಳಿ ಕಾವಲು ಪಡೆಗೆ 1554 ಸಂಖ್ಯೆಗೆ ಕರೆ ಮಾಡಿ.