ನೀರಲ್ಲಿ ಹೊಳೆದ ಕೀಚೈನ್

ಬಳ್ಳಾರಿಯಲ್ಲಿರುವ ಅಕ್ಕನ ಮಗಳು ಮನೆಯಲ್ಲೇ ರೆಸಿನ್ (ಅಚ್ಚಿಗೆ ಹೊಯ್ದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ದ್ರವ) ಕೀಚೈನ್ ಮಾಡುತ್ತಾಳೆ. ಮೊನ್ನೆ 400ರ ವಾಟರ್ ಪೇಪರಿನಲ್ಲಿ, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರಿನಲ್ಲಿ, ಒಂದನ್ನು ಉಜ್ಜಿದಳು. ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. ಬೂದಿ ಬಳಿದ ಹಾಗೆ ಮಂಕಾಯಿತು. ನೀರಿಗೆ ಅದ್ದಿದಳು, ಗಾಜಿನಂತೆ ಹೊಳೆಯಿತು. ಒರೆಸಿದಳು, ಮತ್ತೆ ಮಂಕು.

"ಇದೇನ್ ಮಾವ, ನೀರಾಗಿದ್ರೆ ಮಾತ್ರ ಹೊಳಿತೈತೆ?"

ಪಕ್ಕದ ಮನೆಯವರ ಸಲಹೆ ಆಗಲೇ ಬಂದಿತ್ತು: ಕೊಬ್ಬರಿ ಎಣ್ಣೆ ಹಚ್ಚು. ನನಗೆ ಸಿಟ್ಟು ಬರುವುದೇ ಇಲ್ಲಿ. ಹೊಳಪು ಅಂದರೆ ಮೇಲಿಂದ ಬಳಿಯುವ ವಸ್ತು ಅಂತ ಎಷ್ಟು ಜನ ನಂಬಿದ್ದಾರೆ!

ಮಂಕು ರೆಸಿನ್ನಿಗೂ ಮಿಂಚುವ ರೆಸಿನ್ನಿಗೂ ಮೇಲ್ಮೈಯಿಂದ ವಾಪಸ್ ಬರುವ ಬೆಳಕು ಹೆಚ್ಚುಕಡಿಮೆ ಒಂದೇ. ನೇರವಾಗಿ ಬಿದ್ದರೆ ನೂರಕ್ಕೆ ಐದರಷ್ಟು. ಬೇರೆಯಾಗುವುದು ದಿಕ್ಕು. ತುಂಗಭದ್ರಾ ಕಾಲುವೆಯಲ್ಲಿ ನೀರು ಅಲುಗದಿದ್ದರೆ ದಂಡೆಯ ಮರ ತಲೆಕೆಳಗಾಗಿ ಕಾಣುತ್ತದೆ. ಗಾಳಿ ಬೀಸಿತೋ, ಮರ ಚೂರುಚೂರು. ನೀರು ಅದೇ, ಬಿಸಿಲೂ ಅದೇ. ಇನ್ನೊಂದು ರೀತಿ ನೋಡಿ. ಗಚ್ಚಿನ ನೆಲಕ್ಕೆ ಎಸೆದ ಚೆಂಡು ಎತ್ತ ಪುಟಿಯುತ್ತದೆಂದು ಹೇಳಬಹುದು, ಉತ್ತ ಎರೆ ಹೊಲದಲ್ಲಿ ಆಗಲ್ಲ. ಆದರೆ ಹೆಂಟೆಗಳು ಸಾಸಿವೆಯಷ್ಟೇ ಇದ್ದರೆ? ಚೆಂಡಿಗೆ ಅವು ಲೆಕ್ಕಕ್ಕೇ ಇಲ್ಲ. ಬೆಳಕಿನ ಚೆಂಡು ಅರ್ಧ ಮೈಕ್ರಾನಿನಷ್ಟು, ಅಂದರೆ ಅದರ ತರಂಗದ ಅಳತೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). 400ರ ಪೇಪರಿನ ಕಣ ಸುಮಾರು 35 ಮೈಕ್ರಾನ್. 2000ದ್ದೂ 10ರ ಹತ್ತಿರ. ಇವು ಬಿಡುವ ಗೀರುಗಳು ಬೆಳಕಿಗೆ ಹೆಂಟೆಗಳೇ. ಹಾಗಾಗಿ ಪೇಪರ್ ಒಂದರಿಂದಲೇ ಕನ್ನಡಿ ಹೊಳಪು ಬರುವುದಿಲ್ಲ. ಕೊನೆಗೆ ಇನ್ನೂ ನುಣ್ಣನೆಯ ಪುಡಿಯಿರುವ ಪಾಲಿಶ್ ಬೇಕು, ಕಾರಿನ ಪೇಂಟಿಂಗ್ ಅಂಗಡಿಯಲ್ಲಿ ಸಿಗುವಂಥದ್ದು.

ನೀರು ಗೀರುಗಳನ್ನು ತುಂಬುತ್ತದೆ. ಬೆಳಕನ್ನು ಬಗ್ಗಿಸುವ ಅಳತೆಯಲ್ಲಿ ನೀರು (1.33) ಗಾಳಿಗಿಂತ (1) ರೆಸಿನ್ನಿಗೆ (ಸುಮಾರು 1.55) ಹತ್ತಿರ. ಗೀರು ಅಲ್ಲೇ ಇರುತ್ತದೆ, ಬೆಳಕಿಗೆ ಸರಿಯಾಗಿ ಕಾಣುವುದಿಲ್ಲ. ಎಣ್ಣೆ ಮಾಡುವುದೂ ಇಷ್ಟೇ. ಜೊತೆಗೆ ಬಳ್ಳಾರಿಯ ಧೂಳನ್ನೂ ಕರೆದು ಕೂರಿಸುತ್ತದೆ.

ಪಾಲಿಶ್ ಅಂದರೆ ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುವುದು ಎಂದು ನ್ಯೂಟನ್ 1704ರಲ್ಲೇ ಬರೆದಿದ್ದ. ಅದಕ್ಕೂ ಬಹಳ ಹಿಂದೆ, ಸುಮಾರು 4000 ವರ್ಷದ ಕೆಳಗೆ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಮೊದಲು ಚಕ್ಕೆ ಹಾರಿಸುವುದು, ಆಮೇಲೆ ಕುಟ್ಟಿ ತಿದ್ದುವುದು, ಕೊನೆಗೆ ಬಂಡೆಗೆ ಉಜ್ಜುವುದು. ಹಾಗೆ ಉಜ್ಜಿ ಬಿದ್ದ ಗುಳಿಗಳು ಬಂಡೆಗಳ ಮೇಲೆ ಇನ್ನೂ ಇವೆ. ಒರಟಿನಿಂದ ನುಣುಪಿಗೆ, ಅದೇ ಕ್ರಮ.

ಮೊದಲು ರೆಸಿನ್ ಪೂರ್ತಿ ಗಟ್ಟಿಯಾಗಲಿ. ನೀರು ಹಾಕಿಕೊಂಡೇ ಉಜ್ಜಿ, ಧೂಳು ಏಳಲ್ಲ, ಬಿಸಿಯಾಗುವುದೂ ಇಲ್ಲ. ಮಾಸ್ಕ್ ಇರಲಿ. ಪ್ರತಿ ಪೇಪರಿಗೂ ದಿಕ್ಕು ಬದಲಿಸಿ, ಆಗ ಹಳೆಯ ಗೀರು ಅಡ್ಡಡ್ಡ ಎದ್ದು ಕಾಣುತ್ತದೆ. ಪಾಲಿಶ್ ಮಷಿನ್ನಿಗೆ ಒತ್ತಿ ಹಿಡಿಯಬೇಡಿ, ಬಿಸಿಯಾಗುತ್ತದೆ. ಹವ್ಯಾಸಿಗಳು ಬಳಸುವ ಹಲವು ರೆಸಿನ್ 50–60 ಡಿಗ್ರಿಗೇ ಮೆತ್ತಗಾಗುತ್ತವೆ. ಇಲ್ಲಿನ ಬೇಸಿಗೆಯಲ್ಲಿ ಗಾಳಿಯೇ 40 ದಾಟಿರುತ್ತದೆ, ಅಲ್ವಾ?

ಸಂಜೆ ಹೊತ್ತಿಗೆ ಅವಳು 2000 ಮುಗಿಸಿ, ಹಳೇ ಬನಿಯನ್ ಬಟ್ಟೆಯಲ್ಲಿ ಪಾಲಿಶ್ ತಿಕ್ಕಿದ್ದಳು. ಟ್ಯೂಬ್‌ಲೈಟ್ ಗೆರೆ ಅದರಲ್ಲಿ ನೆಟ್ಟಗೆ ಕಾಣಿಸಿತು. ಒಂದು ಮೂಲೆಯಲ್ಲಿ ಮಾತ್ರ ಅಡ್ಡ ಗೀರು. 400ರದ್ದು.

ಏನೂ ಮಾತಾಡದೆ ಮತ್ತೆ 800ರ ಪೇಪರ್ ನೆನೆಹಾಕಿದಳು.